ಮಗನಿಗೆ ನೇವಿಯಲ್ಲಿ ಡಿಟೆನ್ಷನ್ ಆಗಿದೆ, ಕೆಲಸ ಹೋಗುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ಶಿರಸಿ ಕಡೆಯ ಒಂದು ಹಳ್ಳಿ. ಎರಡೆಕರೆ ಅಡಿಕೆ ತೋಟ ಇದೆ. ಮಗ ಅಗ್ನಿವೀರನಾಗಿ ನೇವಿ ಸೇರಿ ಎರಡನೇ ವರ್ಷ ನಡೆಯುತ್ತಿದೆ. ಚಿಲ್ಕಾದಲ್ಲಿ ಟ್ರೇನಿಂಗ್ ಮುಗಿಸಿ ಈಗ ಕಾರವಾರದಲ್ಲಿ ಹಡಗಿನ ಮೇಲಿದ್ದಾನೆ. ಈ ಸಲ ಕೊನೆಕೊಯ್ಲಿನ ಹೊತ್ತಿಗೆ ರಜೆಯ ಮೇಲೆ ಬಂದಿದ್ದ. ಅವನು ವಾಪಸು ಹೊರಡುವ ಹಿಂದಿನ ದಿನ ನಮ್ಮ ಮನೆಯವರು ಅಟ್ಟದ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಇತ್ತ ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತು, ಸುಲಿಯಲು ಜನ ಇರಲಿಲ್ಲ. ಮಗ ಹನ್ನೊಂದು ದಿನ ಹೆಚ್ಚಿಗೆ ಉಳಿದ. ‘ಈಗ ಹೇಳಿದರೆ ಬೈತಾರೆ, ಹೋದ ಮೇಲೆ ಹೇಳಿಕೊಳ್ತೇನೆ’ ಎಂದು ಫೋನೂ ಆಫ್ ಮಾಡಿಟ್ಟಿದ್ದ. ಆಮೇಲೆ ತಾನಾಗಿಯೇ ಬಸ್ಸು ಹತ್ತಿ ಹೋದ. ಮೊನ್ನೆ ಅವನ ಗೆಳೆಯ ಫೋನು ಮಾಡಿ, 28 ದಿನ ಡಿಟೆನ್ಷನ್ ಆಗಿದೆ, ಒಳಗೆ ಹಾಕಿದ್ದಾರೆ ಎಂದ. ಮೊದಲೊಮ್ಮೆ ಹಡಗಿನಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡು ಸಿಕ್ಕಿಬಿದ್ದು ಸಣ್ಣ ಶಿಕ್ಷೆ ಆಗಿತ್ತಂತೆ, ಅದನ್ನು ನಮಗೆ ಹೇಳಿರಲಿಲ್ಲ. ಊರಲ್ಲಿ ‘ಹುಡುಗ ಜೈಲಿಗೆ ಹೋದ’ ಎಂದು ಮಾತಾಗಿದೆ. ಒಬ್ಬರು, ದುಡ್ಡು ಕೊಟ್ಟರೆ ಒಳಗಿನವರ ಮೂಲಕ ಬಿಡಿಸುತ್ತೇವೆ ಎಂದು ಬಂದಿದ್ದಾರೆ. ಜಾಮೀನು ಸಿಗುತ್ತದೆಯೇ? ಎಂಪಿಯವರಿಂದ ಪತ್ರ ಹಾಕಿಸಬಹುದೇ? ಅಲ್ಲಿ ಹೊಡೆಯುತ್ತಾರೆಯೇ? ಹೊರಗೆ ಬಂದ ಕೂಡಲೇ ಮನೆಗೆ ಬಂದುಬಿಡುತ್ತೇನೆ ಎನ್ನುತ್ತಿದ್ದನಂತೆ. ದಿಕ್ಕೇ ತೋಚುತ್ತಿಲ್ಲ.

ಉತ್ತರ: ಅಮ್ಮ, ಮೊದಲು ನಿಮ್ಮ ದೊಡ್ಡ ಭಯದ ಬಗ್ಗೆ ಹೇಳುತ್ತೇನೆ. 28 ದಿನಗಳ ಡಿಟೆನ್ಷನ್, ಅಂದರೆ ಪಡೆಯ ಕಾವಲಿನಲ್ಲೇ ಕೂಡಿಡುವ ಶಿಸ್ತಿನ ಶಿಕ್ಷೆ, ಆಯಿತೆಂದ ಮಾತ್ರಕ್ಕೆ ಮಗನ ಕೆಲಸ ಹೋಗುವುದಿಲ್ಲ. ಕೆಲಸದಲ್ಲಿ ಉಳಿಸಿಕೊಳ್ಳಬೇಕೆಂದಿರುವ ನಾವಿಕನಿಗೇ ಸಾಮಾನ್ಯವಾಗಿ ಈ ಶಿಕ್ಷೆ ಕೊಡುವುದು. ಅವಧಿ ಮುಗಿದ ದಿನ ಅವನು ಮರಳುವುದು ತನ್ನ ಹಡಗಿಗೆ ಅಥವಾ ಯುನಿಟ್ಟಿಗೆ. ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ್ದು ನಿಮ್ಮ ಪತ್ರದ ಕೊನೆಯ ಮಾತು, ಹೊರಗೆ ಬಂದ ಕೂಡಲೇ ಮನೆಗೆ ಬಂದುಬಿಡುತ್ತೇನೆ ಎಂದದ್ದು. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ನೌಕಾಪಡೆಯ ಕಾನೂನು ವಿಭಾಗದಲ್ಲಿದ್ದಾಗಲೂ, ನಿವೃತ್ತಿಯ ನಂತರ ಕಾರವಾರದಲ್ಲಿ ವಕೀಲಿಕೆ ಹಿಡಿದ ಮೇಲೂ ಇಂಥ ಹುಡುಗರ ಕಡತಗಳನ್ನು ಬಹಳ ನೋಡಿದ್ದೇನೆ. ಮೊದಲ ಡಿಟೆನ್ಷನ್ನಿನಿಂದ ಹಾಳಾದವರು ಅವರಲ್ಲಿ ಕಡಿಮೆ. ಅದಾದ ಮೇಲೆ ಸಿಟ್ಟಿನಲ್ಲೋ ನಾಚಿಕೆಯಲ್ಲೋ ಇಟ್ಟ ಹೆಜ್ಜೆಯಿಂದ ಹಾಳಾದವರೇ ಹೆಚ್ಚು.

ಈಗ ಆದದ್ದೇನು ಎಂದು ನೋಡೋಣ. ನಾವಿಕರಿಗೆ ಅನ್ವಯಿಸುವುದು 1957ರ ನೌಕಾಪಡೆ ಕಾಯ್ದೆ. ಅಗ್ನಿವೀರರೂ ಇದರೊಳಗೇ ಬರುತ್ತಾರೆ. ಕಾಯ್ದೆಯಲ್ಲಿ ಶಿಕ್ಷೆಗಳ ಒಂದು ಏಣಿಶ್ರೇಣಿ ಇದೆ. ಮೇಲ್ತುದಿಯಲ್ಲಿ ಮರಣದಂಡನೆ, ಅದರ ಕೆಳಗೆ ಸೆರೆವಾಸ, ಆಮೇಲೆ ಅವಮಾನಕರ ವಜಾ, ನಂತರ ಡಿಟೆನ್ಷನ್. ಹೀಗೆ ಇಳಿಯುತ್ತಾ ಸಂಬಳ ಕಡಿತ, ಛೀಮಾರಿ, ಹಡಗಿನ ಮಟ್ಟದ ಸಣ್ಣಪುಟ್ಟ ಶಿಕ್ಷೆಗಳವರೆಗೆ ಬರುತ್ತದೆ. ಕಾಯ್ದೆಯಲ್ಲಿ ಸೆರೆವಾಸವೇ ಬೇರೆ, ಡಿಟೆನ್ಷನ್ನೇ ಬೇರೆ. ಡಿಟೆನ್ಷನ್ ಎಷ್ಟೇ ಗಂಭೀರ ಪ್ರಕರಣವಾದರೂ ಎರಡು ವರ್ಷ ಮೀರುವಂತಿಲ್ಲ. ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯ) ಇಲ್ಲದೆ ಹಡಗಿನ ಕಮಾಂಡಿಂಗ್ ಆಫೀಸರ್ ತಾವೇ ವಿಚಾರಿಸಿ ಶಿಕ್ಷೆ ಕೊಡಲು ಸೆಕ್ಷನ್ 93ರಲ್ಲಿ ಅವಕಾಶ ಇದೆ. ಹಾಗೆ ಕೊಡುವಾಗ ಡಿಟೆನ್ಷನ್ ಮೂರು ತಿಂಗಳಿಗಿಂತ ಹೆಚ್ಚಿರಬಾರದು. ನಿಮ್ಮ ಮಗನದ್ದು ಈ ಬಗೆಯದು. ಐದರಿಂದ ಒಂಬತ್ತು ಅಧಿಕಾರಿಗಳು ಕುಳಿತು ನಡೆಸುವ ಕೋರ್ಟ್ ಮಾರ್ಷಲ್‌ಗೆ ಅವನ ಪ್ರಕರಣ ಹೋಗಿಲ್ಲ. ಹೋಗದಿರುವುದೇ ಒಂದು ಸಮಾಧಾನ.

ಆ ವಿಚಾರಣೆ ಹೇಗಿರುತ್ತದೆ ಎಂದು ನಿಮ್ಮ ಕಣ್ಣಿಗೆ ಕಟ್ಟಬೇಕು, ಇಲ್ಲದಿದ್ದರೆ ಸಿನಿಮಾದ ನ್ಯಾಯಾಲಯವೇ ಮನಸ್ಸಿಗೆ ಬರುತ್ತದೆ. ಹಡಗಿನಲ್ಲಿ ಒಂದು ಮೇಜು, ಅದರ ಹಿಂದೆ ಕಮಾಂಡಿಂಗ್ ಆಫೀಸರ್ ನಿಂತಿರುತ್ತಾರೆ. ಹುಡುಗನನ್ನು ನಡೆಸಿ ತಂದು ಎದುರಿಗೆ ನಿಲ್ಲಿಸುತ್ತಾರೆ. ‘ಆಫ್ ಕ್ಯಾಪ್’ ಎಂದು ಆಜ್ಞೆಯಾದ ಕೂಡಲೇ ಅವನು ಟೋಪಿ ತೆಗೆಯಬೇಕು. ಆರೋಪ ಓದುತ್ತಾರೆ, ಏನು ಹೇಳುತ್ತೀಯ ಎಂದು ಕೇಳುತ್ತಾರೆ. ಪಕ್ಕದಲ್ಲಿ ಅವನ ಡಿವಿಷನಲ್ ಆಫೀಸರ್ ಇರುತ್ತಾರೆ. ಪ್ರತಿಯೊಬ್ಬ ನಾವಿಕನಿಗೂ ಅವನ ಕೆಲಸ, ಮನೆ, ಆರೋಗ್ಯ, ಕಷ್ಟಸುಖ ಎಲ್ಲ ತಿಳಿದಿರಬೇಕಾದ ಒಬ್ಬ ಅಧಿಕಾರಿ ಇರುತ್ತಾರೆ, ಅವರೇ ಇವರು. ಹುಡುಗನ ಪರವಾಗಿ ಹೇಳಬೇಕಾದ್ದನ್ನು ಆ ಹೊತ್ತಿನಲ್ಲಿ ಹೇಳಬೇಕಾದವರೂ ಇವರೇ. ಅಲ್ಲಿ ವಕೀಲರು ಇರುವುದಿಲ್ಲ. ಸರಳ ಗೈರುಹಾಜರಿ ಪ್ರಕರಣವಾದರೆ ಬೇಗ ಮುಗಿದುಹೋಗುತ್ತದೆ. ಇಪ್ಪತ್ತು ವರ್ಷದ ಹುಡುಗರು ಆ ಮೇಜಿನೆದುರು ‘ತಪ್ಪಾಯ್ತು ಸರ್’ ಎಂದಷ್ಟೇ ಹೇಳಿ ಸುಮ್ಮನಾಗುವುದು ಸಾಮಾನ್ಯ. ಅಪ್ಪನ ಸೊಂಟ ಮುರಿದಿತ್ತು, ಆಪರೇಷನ್ ಇತ್ತು ಎಂಬ ಮಾತು ಬಾಯಿಂದ ಬರುವುದಿಲ್ಲ. ಬಂದರೂ ಜೊತೆಗೆ ಕಾಗದ ಇರುವುದಿಲ್ಲ. ನಿಮ್ಮ ಮಗನ ವಿಷಯದಲ್ಲೂ ಹಾಗೇ ಆಗಿರಬಹುದೆಂದು ನನ್ನ ಊಹೆ. ಏಕೆಂದರೆ ಆಸ್ಪತ್ರೆಯ ಕಾಗದಗಳನ್ನು ಅವನ ಕೈಗೆ ಕೊಟ್ಟು ಕಳಿಸಿದ್ದಾಗಿ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ಜಾಮೀನು ಎಂಬುದು ಇಲ್ಲಿ ಅನ್ವಯಿಸುವುದಿಲ್ಲ. ಇದು ಪೊಲೀಸ್ ಕೇಸೂ ಅಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೋಗುವಂಥದ್ದೂ ಅಲ್ಲ. ಸೈನಿಕರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ಕಾರಣಕ್ಕೆ ಮಿತಿಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ, ಈ ಇಡೀ ವ್ಯವಸ್ಥೆ ಅದರ ಮೇಲೆ ನಿಂತಿದೆ. ಹಾಗಾಗಿ ಶಿರಸಿ ಠಾಣೆಯಲ್ಲಿ ಅವನ ಹೆಸರಲ್ಲಿ ಯಾವ ಎಫ್ಐಆರೂ ಹುಟ್ಟಿಕೊಂಡಿಲ್ಲ. ಊರಿನವರಿಗೆ ನೀವು ಇಷ್ಟು ಹೇಳಿದರೆ ಸಾಕು: ರಜೆ ಮೀರಿ ಉಳಿದದ್ದಕ್ಕೆ ಇಲಾಖೆಯೊಳಗಿನ ಶಿಕ್ಷೆ, ಕಳ್ಳತನವಲ್ಲ, ಹೊಡೆದಾಟವಲ್ಲ. ಆದರೆ ಮುಂದೆ ಬೇರೆ ಕೆಲಸಕ್ಕೆ ಅರ್ಜಿ ಹಾಕುವಾಗ ಹಿಂದಿನ ಶಿಕ್ಷೆಗಳ ಬಗ್ಗೆ ನೇರವಾಗಿ ಕೇಳಿದ್ದರೆ ಅವನು ಮುಚ್ಚಿಡಬಾರದು. ಶಿಕ್ಷೆಗಿಂತ ಸುಳ್ಳು ಬರೆದದ್ದೇ ಕೆಲಸ ಕಳೆದ ಪ್ರಸಂಗಗಳಿವೆ.

ಹೊಡೆಯುತ್ತಾರೆಯೇ ಎಂದು ಕೇಳಿದ್ದೀರಿ. ಕಾಯ್ದೆಯ ಶಿಕ್ಷೆಗಳ ಪಟ್ಟಿಯಲ್ಲಿ ಹೊಡೆತ ಎಂಬುದಿಲ್ಲ. ಅಧಿಕಾರಿ ಕ್ರೌರ್ಯ ತೋರಿದರೆ ಅದೇ ಕಾಯ್ದೆಯಡಿ ಅವರ ಮೇಲೆಯೇ ಅಪರಾಧವಾಗುತ್ತದೆ. ಒಳಗೆ ಹಾಕುವ ಮುಂಚೆ ವೈದ್ಯಾಧಿಕಾರಿ ನೋಡಿ, ಶಿಕ್ಷೆ ಅನುಭವಿಸಲು ದೇಹಸ್ಥಿತಿ ಸರಿಯಿದೆ ಎಂದು ಬರೆದುಕೊಡಬೇಕು. ಒಳಗಿನ ದಿನಚರಿ ಕಠಿಣವೇ. ನಸುಕಿಗೇ ಏಳಬೇಕು, ಪರೇಡು, ಕಸರತ್ತು, ನೆಲ ತಿಕ್ಕುವುದು, ಬಟ್ಟೆಬರೆಯನ್ನು ಅಳತೆಗೆ ಮಡಚಿ ಸಾಲಾಗಿ ಜೋಡಿಸಿ ತೋರಿಸುವುದು, ಫೋನಿಲ್ಲ, ಹೊರಗೆ ತಿರುಗಾಟವಿಲ್ಲ. ಮೊದಲ ವಾರ ಭಾರ ಎನಿಸುತ್ತದೆ, ಆಮೇಲೆ ಮೈ ಒಗ್ಗುತ್ತದೆ. ಈ ದಿನಗಳ ಸಂಬಳ ಬರುವುದಿಲ್ಲ. ಗೈರುಹಾಜರಾದ ಹನ್ನೊಂದು ದಿನಗಳದ್ದೂ ಕಡಿತವಾಗುತ್ತದೆ. ಬ್ಯಾಂಕಿನ ಕಂತು ಅವನ ಸಂಬಳದ ಮೇಲೆ ನಿಂತಿದ್ದರೆ ಈಗಲೇ ಬೇರೆ ಏರ್ಪಾಡು ಮಾಡಿಕೊಳ್ಳಿ.

ಹನ್ನೊಂದು ದಿನಕ್ಕೆ 28 ದಿನ ಶಿಕ್ಷೆ ಯಾಕೆ ಎಂಬುದು ನೀವು ಕೇಳದಿದ್ದರೂ ಮನಸ್ಸಿನಲ್ಲಿರುವ ಪ್ರಶ್ನೆ. ಹಡಗಿನ ಮೇಲೆ ಪ್ರತಿಯೊಬ್ಬನ ಹೆಸರಿಗೂ ಒಂದು ಪಾಳಿ ಇರುತ್ತದೆ. ಬೆಂಕಿ ಬಿದ್ದರೆ ಯಾವ ಪಂಪಿನ ಹತ್ತಿರ ಯಾರು ನಿಲ್ಲಬೇಕು ಎಂಬುದರವರೆಗೂ ಮೊದಲೇ ಬರೆದಿಟ್ಟಿರುತ್ತಾರೆ. ಒಬ್ಬ ಬಾರದಿದ್ದರೆ ಅವನ ಪಾಳಿ ಪಕ್ಕದ ಹುಡುಗನ ನಿದ್ದೆಯಿಂದ ಕಳೆಯುತ್ತದೆ. ವಿಕ್ರಮಾದಿತ್ಯದಂಥ ಹಡಗುಗಳು ನಿಲ್ಲುವ ನೆಲೆ ಕಾರವಾರದ ಕದಂಬ. ಹೊರಡುವ ಆಜ್ಞೆ ಬಂದರೆ ಹಡಗು ಯಾರಿಗೂ ಕಾಯುವುದಿಲ್ಲ. ಜೊತೆಗೆ ನಿಮ್ಮ ಮಗನ ಕಡತದಲ್ಲಿ ಮೊದಲೇ ಸ್ಮಾರ್ಟ್‌ಫೋನ್ ಪ್ರಕರಣ ಇತ್ತು. ಒಂದು ಫೋನಿಗೆ ಇಷ್ಟೆಲ್ಲ ಯಾಕೆ ಎನಿಸಬಹುದು. 2019ರ ಡಿಸೆಂಬರಿನಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಏಳು ಮಂದಿ ನಾವಿಕರ ಬಂಧನವಾಯಿತು. ಸೋಷಿಯಲ್ ಮೀಡಿಯಾದಲ್ಲಿ ಹೆಣ್ಣಿನ ಹೆಸರಲ್ಲಿ ಪರಿಚಯವಾದವರು ಅವರಿಂದ ಹಡಗುಗಳ ಮಾಹಿತಿ ತೆಗೆದುಕೊಂಡಿದ್ದರು ಎಂಬುದು ಆರೋಪ. ಆ ತಿಂಗಳೇ ನೌಕಾಪಡೆ ತನ್ನ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೂ ಫೇಸ್‌ಬುಕ್ಕನ್ನೂ ನಿಷೇಧಿಸಿತು. ಹಾಗಾಗಿ ಫೋನಿನ ತಪ್ಪನ್ನು ಅವರು ಹುಡುಗಾಟವೆಂದು ಬಿಡುವುದಿಲ್ಲ. ಎರಡನೆಯ ತಪ್ಪಾಗಿ ಗೈರುಹಾಜರಿ ಬಂತು, ಅದೂ ಫೋನು ಆಫ್ ಮಾಡಿ. ಕಾರಣ ತಿಳಿಯದವರ ಕಣ್ಣಿಗೆ ಇದು ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಆದರೂ ಹುಡುಗನನ್ನಷ್ಟೇ ದೂರಲು ನನಗೆ ಮನಸ್ಸಿಲ್ಲ. ಘಟ್ಟದ ಮೇಲಿನ ತೋಟದ ಮನೆಗಳ ಸ್ಥಿತಿ ನನಗೆ ಗೊತ್ತು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕ ದಿನ ಕೊಯ್ಯಿಸಲೇಬೇಕು, ಕೊಯ್ದ ಮೇಲೆ ಸುಲಿಯದೆ, ಬೇಯಿಸದೆ ಇಟ್ಟರೆ ವರ್ಷದ ದುಡಿಮೆ ಕೊಳೆಯುತ್ತದೆ. ಅಂಥ ಹೊತ್ತಿನಲ್ಲಿ ಅಪ್ಪ ಹಾಸಿಗೆ ಹಿಡಿದರೆ ಮಗ ಕಣ್ಣುಮುಚ್ಚಿ ಹೊರಡುವುದು ಸುಲಭವಲ್ಲ. ಕಾರವಾರ ಹತ್ತಿರವಿರುವುದೂ ಒಂದು ತೊಡಕು. ವಿಶಾಖಪಟ್ಟಣದಲ್ಲಿದ್ದರೆ ರೈಲಿನ ಟಿಕೆಟ್ಟಿನ ದಿನಾಂಕವಾದರೂ ಎಬ್ಬಿಸುತ್ತಿತ್ತು. ದೇವಿಮನೆ ಘಟ್ಟ ಇಳಿದರೆ ಬಂತಲ್ಲ, ನಾಳೆ ಹೋದರಾಯಿತು ಎನ್ನುತ್ತಾ ಒಂದೊಂದೇ ದಿನ ಜಾರುತ್ತದೆ. ಮೂರನೇ ದಿನದ ಹೊತ್ತಿಗೆ ಹೆದರಿಕೆ ಶುರುವಾಗುತ್ತದೆ, ಆ ಹೆದರಿಕೆಯಿಂದಲೇ ಉಳಿದ ಎಂಟು ದಿನ ಕಳೆಯುತ್ತವೆ. ರಜೆ ಮುಗಿಯುವ ಮುನ್ನ ಹಡಗಿಗೆ ಒಂದು ಫೋನು, ಆಸ್ಪತ್ರೆಯ ದಾಖಲಾತಿ ಚೀಟಿಯ ಒಂದು ಫೋಟೋ ಹೋಗಿದ್ದರೆ ರಜೆ ವಿಸ್ತರಣೆ ಸಿಗುವ ಸಾಧ್ಯತೆ ಬಹಳವಿತ್ತು. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ ಇದೆ, ಅದರಲ್ಲಿ ಉಳಿಕೆ ಇದ್ದರೆ ಅಲ್ಲಿಂದಲೇ ಕೊಡುತ್ತಿದ್ದರು. ಅಪ್ಪನ ಆಪರೇಷನ್ನಿಗೆ ಮಗ ಬೇಕು ಎಂಬುದು ಯಾವ ಹಡಗಿನಲ್ಲೂ ಅರ್ಥವಾಗದ ಮಾತಲ್ಲ.

ಅವನ ಪರವಾಗಿ ಇರುವ ಒಂದು ದೊಡ್ಡ ಅಂಶವನ್ನು ನೀವು ಒಂದೇ ಸಾಲಿನಲ್ಲಿ ಬರೆದು ದಾಟಿದ್ದೀರಿ, ಅವನು ತಾನಾಗಿಯೇ ವಾಪಸು ಹೋದ ಎಂಬುದು. ರಜೆ ಮೀರಿ ಉಳಿಯುವುದಕ್ಕೂ ಪಡೆ ಬಿಟ್ಟು ಓಡಿಹೋಗುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಮರಳುವುದಿಲ್ಲ ಎಂಬ ಉದ್ದೇಶ ಇತ್ತೇ ಎಂಬುದೇ ಅಲ್ಲಿ ನೋಡುವ ವಿಷಯ. ಆ ಉದ್ದೇಶ ಇತ್ತೆಂದರೆ ಅದು ಸೆಕ್ಷನ್ 49ರ ಪಲಾಯನ. ಯುದ್ಧಕಾಲವಲ್ಲದಿದ್ದರೂ ಅದಕ್ಕೆ ವರ್ಷಗಟ್ಟಲೆ ಸೆರೆವಾಸವಾಗಬಹುದು. ತಾನೇ ಬಸ್ಸು ಹತ್ತಿ ಬಂದವನ ಮೇಲೆ ಆ ಆರೋಪ ನಿಲ್ಲುವುದು ಕಷ್ಟ. ಈಗ ಹೊರಗೆ ಬಂದು, ಯಾರಿಗೂ ಹೇಳದೆ ಮನೆಗೆ ಬಂದುಬಿಟ್ಟರೆ ಆ ಅನುಕೂಲ ಪೂರ್ತಿ ಕೈತಪ್ಪುತ್ತದೆ. ‘ನಾನು ವಾಪಸು ಹೋಗುವುದಿಲ್ಲ’ ಎಂದು ಗೆಳೆಯರ ಹತ್ತಿರ ಹೇಳಿದ ಮಾತೇ ಸಾಕ್ಷಿಯಾಗಿ ಬರುತ್ತದೆ. ಆಗ ಹುಡುಕಿಕೊಂಡು ಪೊಲೀಸರು ನಿಮ್ಮ ಅಂಗಳಕ್ಕೇ ಬರುತ್ತಾರೆ. ಇದನ್ನು ಅವನಿಗೆ ಮುಟ್ಟಿಸುವುದು ನಿಮ್ಮ ಮೊದಲ ಕೆಲಸ.

ದುಡ್ಡು ಕೇಳಿದವನ ಮಾತು ಸುಳ್ಳು, ಒಂದು ರೂಪಾಯಿಯನ್ನೂ ಕೊಡಬೇಡಿ. ಕಮಾಂಡಿಂಗ್ ಆಫೀಸರ್ ದಾಖಲೆಯಲ್ಲಿ ಬರೆದು ಕೊಟ್ಟ ಶಿಕ್ಷೆಯನ್ನು ಹೊರಗಿನ ಯಾರೂ ಅಳಿಸಲಾರರು. 28 ದಿನ ಹೇಗೂ ಮುಗಿಯುತ್ತದೆ, ಮುಗಿದ ದಿನ ‘ನಾನೇ ಬಿಡಿಸಿದೆ’ ಎನ್ನುವುದಷ್ಟೇ ಇಂಥವರ ಉಪಾಯ. ಎಂಪಿಯವರ ಪತ್ರದ ವಿಷಯ ಬೇರೆ. ಅದು ಅಪರಾಧವೇನಲ್ಲ, ಆದರೆ ತನ್ನ ವಿಷಯಕ್ಕೆ ಹೊರಗಿನ ಪ್ರಭಾವ ತರುವುದು ಸೈನಿಕನಿಗೆ ನಿಷಿದ್ಧ. ಪತ್ರ ಬಂದರೆ ಅವನೇ ಹಾಕಿಸಿದ ಎಂದುಕೊಳ್ಳುತ್ತಾರೆ. ತಾಯಿಯಾಗಿ ನೀವೇ ಕೈಯಾರೆ ಬರೆದ ಪತ್ರಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಇದೆ.

ಶಿಕ್ಷೆಯ ವಿರುದ್ಧ ಮೇಲಿನವರಿಗೆ ಮನವಿ ಮಾಡಿಕೊಳ್ಳಬಹುದೇ ಎಂದರೆ, ಮಾಡಿಕೊಳ್ಳಬಹುದು. ಮೇಲಧಿಕಾರಿಯಿಂದ ಅನ್ಯಾಯವೋ ಕಿರುಕುಳವೋ ಆಗಿದೆ ಎನಿಸಿದರೆ ದೂರು ಕೊಡಲು ಸೆಕ್ಷನ್ 23 ಅವಕಾಶ ಕೊಡುತ್ತದೆ. ಆದರೆ ಮನವಿ ಮೇಲೆ ಹೋಗಿ ಉತ್ತರ ಬರುವಷ್ಟರಲ್ಲಿ 28 ದಿನ ಕಳೆದಿರುತ್ತದೆ. ಉಪಯೋಗವಾದರೆ ಕಡತದಲ್ಲಿನ ದಾಖಲೆ ಸರಿಹೋಗುವುದಕ್ಕೆ ಮಾತ್ರ. ನನ್ನ ಸಲಹೆ ಇದು: ಅವನಿಗೆ ಮಾತಾಡಲು ಬಿಡದಿದ್ದರೆ, ಕೊಟ್ಟ ಕಾಗದವನ್ನು ನೋಡಲೇ ಇಲ್ಲವೆಂದರೆ, ಮೈಮೇಲೆ ಕೈಮಾಡಿದ್ದರೆ ಖಂಡಿತ ದೂರು ಕೊಡಲಿ, ಹೆದರಬೇಕಾಗಿಲ್ಲ. ಶಿಕ್ಷೆ ಸ್ವಲ್ಪ ಹೆಚ್ಚಾಯಿತು ಎಂಬಷ್ಟೇ ಆದರೆ ಅದನ್ನು ನುಂಗಿಕೊಂಡು ಮುಂದಿನ ದಿನಗಳನ್ನು ಗಟ್ಟಿ ಮಾಡಿಕೊಳ್ಳುವುದು ಮೇಲು. ದೂರು ಕೊಟ್ಟರೂ ಅವನೊಬ್ಬನ ಸಹಿಯಲ್ಲೇ ಕೊಡಬೇಕು. ನಾಲ್ಕು ಹುಡುಗರು ಸೇರಿ ಸಹಿ ಹಾಕಿದರೆ ಅದನ್ನು ಗುಂಪುಗಾರಿಕೆ ಎಂದು ನೋಡುತ್ತಾರೆ. 1946ರ ಫೆಬ್ರುವರಿಯಲ್ಲಿ ಮುಂಬೈಯ ತಲ್ವಾರ್ ನೆಲೆಯಲ್ಲಿ ಊಟ ಮತ್ತು ನಡವಳಿಕೆಯ ಅಸಮಾಧಾನದಿಂದ ಶುರುವಾದದ್ದು ಇಡೀ ನೌಕಾದಳದ ಬಂಡಾಯವಾಗಿ ಹಬ್ಬಿತ್ತು. ಸಾಮೂಹಿಕ ದೂರು ಎಂದರೆ ಇವತ್ತಿಗೂ ಪಡೆಯ ಕಿವಿ ನೆಟ್ಟಗಾಗುತ್ತದೆ. ಒಬ್ಬೊಬ್ಬನ ದೂರನ್ನು ಹೊತ್ತಿಗೆ ಸರಿಯಾಗಿ ಕೇಳುವ ಡಿವಿಷನಲ್ ಆಫೀಸರ್ ಎಷ್ಟು ಮುಖ್ಯ ಎಂಬುದಕ್ಕೂ ಆ ಘಟನೆಯೇ ಸಾಕ್ಷಿ ಎಂದು ನಾನು ನಂಬಿದ್ದೇನೆ.

ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಹೆಸರನ್ನು ಯಾರಾದರೂ ನಿಮಗೆ ಹೇಳಬಹುದು. ಕರ್ನಾಟಕಕ್ಕೆ ಕೊಚ್ಚಿ ಪೀಠ ಇದೆ. ಅದು ಮುಖ್ಯವಾಗಿ ವಜಾ, ದೀರ್ಘ ಸೆರೆವಾಸ, ಪಿಂಚಣಿಯಂಥ ವಿಷಯಗಳಿಗೆ. 28 ದಿನದ ಡಿಟೆನ್ಷನ್ ಹಿಡಿದುಕೊಂಡು ಅಲ್ಲಿಗೆ ಹೋಗಲು ವಕೀಲರಿಗೆ ಫೀಸು ಕೊಡಬೇಡಿ. ಮುಂದೆ ವಜಾದ ನೋಟಿಸು ಏನಾದರೂ ಬಂದರೆ ಆ ದಿನವೇ ಅದನ್ನು ತೆಗೆದುಕೊಂಡು ವಕೀಲರ ಹತ್ತಿರ ಹೋಗಿ.

ಈಗ ಅಪಾಯದ ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಅಗ್ನಿವೀರರು ನಾಲ್ಕು ವರ್ಷಕ್ಕೆ ಸೇರುವವರು. ಕೊನೆಯಲ್ಲಿ ಶೇಕಡಾ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಆ ಆಯ್ಕೆಯಲ್ಲಿ ನಾಲ್ಕು ವರ್ಷದ ನಡತೆಯೂ ತೂಗುತ್ತದೆ, ಈ ಡಿಟೆನ್ಷನ್ ಅಲ್ಲಿ ಭಾರವಾಗಿಯೇ ಕೂರುತ್ತದೆ. ಕಾಯಂ ಆಗುವ ಬಾಗಿಲು ಮುಚ್ಚಿತು ಎನ್ನಲಾರೆ, ಕಿರಿದಾಗಿದೆ ಎನ್ನಬಲ್ಲೆ. ಇನ್ನೊಂದೆರಡು ಇಂಥ ಶಿಕ್ಷೆಗಳಾದರೆ ‘ಸೇವೆ ಇನ್ನು ಬೇಕಾಗಿಲ್ಲ’ ಎಂದು ಬಿಡುಗಡೆ ಮಾಡುವ ಸಾಧ್ಯತೆ ಇದೆ. ಅದೇ ಅವನು ತಪ್ಪಿಲ್ಲದೆ ನಾಲ್ಕು ವರ್ಷ ಪೂರೈಸಿದರೆ ಸೇವಾನಿಧಿ ಸಿಗುತ್ತದೆ. ತಿಂಗಳ ಸಂಬಳದ ಶೇಕಡಾ 30 ಅವನದು, ಅಷ್ಟೇ ಸರ್ಕಾರದ್ದು, ಮೇಲೆ ಬಡ್ಡಿ. ಸ್ವಂತ ಕೋರಿಕೆಯ ಮೇಲೆ ನಡುವೆ ಬಿಟ್ಟರೆ ಸರ್ಕಾರದ ಪಾಲು ಬರುವುದಿಲ್ಲ. ಹಾಗೆ ಬಿಡಲು ಅನುಮತಿ ಸಿಗುವುದೂ ತೀರಾ ಅಪರೂಪದ ಸಂದರ್ಭಗಳಲ್ಲಿ. ತೋಟ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಮಗ ಬೇಕೇ ಬೇಕು ಎಂಬುದು ನಿಮ್ಮ ಮನೆಯ ಸ್ಥಿರ ತೀರ್ಮಾನವಾದರೆ ಆ ದಾರಿಯನ್ನು ಕಾಗದದ ಮೂಲಕ, ಹಡಗಿನ ಮೂಲಕವೇ ಕೇಳಬೇಕು. ಡಿಟೆನ್ಷನ್ ಮುಗಿದ ಬಿಸಿಯಲ್ಲಿ ಆ ತೀರ್ಮಾನ ಬೇಡ, ಎರಡು ಮೂರು ತಿಂಗಳು ಹೋಗಲಿ.

ಸದ್ಯಕ್ಕೆ ನೀವು ಮಾಡಬೇಕಾದ್ದು ಹುಬ್ಬಳ್ಳಿ ಆಸ್ಪತ್ರೆಯ ಕಾಗದಗಳನ್ನು ಒಟ್ಟು ಮಾಡುವುದು. ದಾಖಲಾದ ದಿನಾಂಕ, ಆಪರೇಷನ್ ದಿನಾಂಕ, ಡಿಸ್ಚಾರ್ಜ್ ಚೀಟಿ, ಇನ್ನೆಷ್ಟು ತಿಂಗಳು ವಿಶ್ರಾಂತಿ ಬೇಕೆಂದು ವೈದ್ಯರು ಬರೆದದ್ದು. ಅವುಗಳ ಜೆರಾಕ್ಸ್ ಇಟ್ಟು, ಅವನ ಹಡಗಿನ ಡಿವಿಷನಲ್ ಆಫೀಸರ್ ಅವರಿಗೆ ಒಂದು ಪುಟ ಮೀರದ ಪತ್ರ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಊರಿನ ಶಾಲೆಯ ಮಾಸ್ತರರಿಂದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಸಿದರೆ ಬೇಗ ಓದುತ್ತಾರೆ. ಶಿಕ್ಷೆ ತಪ್ಪು ಎಂದು ವಾದ ಹೂಡಬೇಡಿ. ಮನೆಯಲ್ಲಿ ಏನಾಯಿತು, ತಿಳಿಸದೇ ಉಳಿದದ್ದು ತಪ್ಪೆಂದು ನಮಗೂ ಗೊತ್ತಿದೆ, ಮುಂದೆ ಇಂಥದ್ದಾದರೆ ಯಾರಿಗೆ ಫೋನು ಮಾಡಬೇಕು, ಇಷ್ಟು ಸಾಕು. ಈ ಪತ್ರ ಅವನ ಕಡತ ಸೇರಿದರೆ, ಬೇಜವಾಬ್ದಾರಿ ಹುಡುಗ ಎಂದಷ್ಟೇ ಇದ್ದ ಕಡೆ ಮನೆಯ ಕಾರಣವೂ ದಾಖಲಾಗಿರುತ್ತದೆ. ಅಪ್ಪನ ಚೇತರಿಕೆಗಾಗಿ ಮುಂದೆ ರಜೆ ಕೇಳುವಾಗ ಅದೇ ಆಧಾರವಾಗುತ್ತದೆ.

ಮಗನಿಗೂ ಬರೆಯಿರಿ. ಅಪ್ಪ ಎಷ್ಟು ಹೆಜ್ಜೆ ನಡೆಯುತ್ತಾರೆ, ಅಡಿಕೆ ಯಾರು ಸುಲಿದುಕೊಟ್ಟರು ಎಂದು ಬರೆಯಿರಿ. ಅವನಿಂದ ಮನೆಯ ಮರ್ಯಾದೆ ಹೋಯಿತು ಎಂಬ ಮಾತು ಆ ಕಾಗದದಲ್ಲಿ ಬೇಡವೇ ಬೇಡ. ಈ ವಯಸ್ಸಿನವರು ಒಳಗೆ ಕುಳಿತು ಅದೇ ಒಂದು ಸಾಲನ್ನು ಮತ್ತೆ ಮತ್ತೆ ಓದುತ್ತಾರೆ. ಹೊರಗೆ ಬಂದ ಮೇಲೆ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾನೆ, ಬದುಕಿ ಪ್ರಯೋಜನವಿಲ್ಲ ಎಂಬಂಥ ಮಾತಾಡುತ್ತಾನೆ ಎಂದು ಗೆಳೆಯನಿಂದ ತಿಳಿದರೆ ನಾಳೆಗೆ ಎನ್ನಬೇಡಿ, ಆ ಗಳಿಗೆಯಲ್ಲೇ ಡಿವಿಷನಲ್ ಆಫೀಸರ್‌ಗೆ ತಿಳಿಸಿ. ಕಾರವಾರದಲ್ಲೇ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ತಡೆಯಲಾಗದಿದ್ದರೂ ಮಾಡಿ.

ಹೋಗಿ ನೋಡಬೇಕೆನಿಸುವುದು ಸಹಜ. ಡಿಟೆನ್ಷನ್ ನಡೆಯುವಾಗ ಭೇಟಿ ಸಿಗುವುದು ಅಧಿಕಾರಿಗಳ ಅನುಮತಿಯ ಮೇಲೆ. ಕೇಳದೇ ಗೇಟಿನವರೆಗೆ ಹೋಗಿ ಬಿಸಿಲಿನಲ್ಲಿ ನಿಂತು ವಾಪಸಾಗಬೇಡಿ. ನಾನಾದರೆ ಅವನು ಹೊರಗೆ ಬಂದ ಮೊದಲ ಭಾನುವಾರ ಹೋಗುತ್ತೇನೆ. ಹೋಗುವ ವಾರ ಮೊದಲೇ ಫೋನು ಮಾಡಿ, ಅವನಿಗೆ ಹೊರಗೆ ಬರಲು ಎಷ್ಟು ಹೊತ್ತಿನ ಅನುಮತಿ ಇದೆ ಎಂದು ಕೇಳಿಕೊಳ್ಳಿ. ನಿಮ್ಮ ಆಧಾರ್ ಕಾರ್ಡು, ಅವನ ಸೇವಾ ಸಂಖ್ಯೆ, ಆಸ್ಪತ್ರೆಯ ಕಾಗದದ ಇನ್ನೊಂದು ಪ್ರತಿ ಕೈಯಲ್ಲಿರಲಿ. ಸಾಧ್ಯವಾದರೆ ಡಿವಿಷನಲ್ ಆಫೀಸರ್ ಅವರನ್ನೂ ಐದು ನಿಮಿಷ ಕಂಡು ಬನ್ನಿ. ಮತ್ತೆ ಅವನನ್ನು ಗೇಟಿನ ಒಳಗೆ ಬಿಟ್ಟೇ ನೀವು ಶಿರಸಿ ಬಸ್ಸು ಹತ್ತಿ.